ವಿಡಿಯೊ ನೋಡಿ ಬಂದರೂ ಮಕ್ಕಳಿಗೆ ಉತ್ತರ ಬರುತ್ತಿಲ್ಲವೇಕೆ?

ಪ್ರಶ್ನೆ:

ನಾನು ಮುಳಬಾಗಿಲು ತಾಲ್ಲೂಕಿನ ಪದವಿಪೂರ್ವ ಕಾಲೇಜೊಂದರಲ್ಲಿ ಭೌತವಿಜ್ಞಾನ ಉಪನ್ಯಾಸಕಿ. ಪ್ರಥಮ ಪಿಯುಸಿಯಲ್ಲಿ 54 ಮಕ್ಕಳಿದ್ದಾರೆ. ಅರ್ಧಕ್ಕೂ ಹೆಚ್ಚು ಮಂದಿ ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು, ಮನೆಯಲ್ಲಿ ತೆಲುಗು ಮಾತನಾಡುವವರೂ ಬಹಳ. ತರಗತಿಯಲ್ಲಿ ಸಮಯ ಉಳಿಯಲಿ ಎಂದು ಈ ವರ್ಷ ಪಾಠಕ್ಕೆ ಹಿಂದಿನ ರಾತ್ರಿ ವಾಟ್ಸ್‌ಆ್ಯಪ್ ಗುಂಪಿಗೆ ವಿಡಿಯೊ ಕೊಂಡಿ ಕಳುಹಿಸಲು ಆರಂಭಿಸಿದೆ. ಇಪ್ಪತ್ತೈದು, ಮೂವತ್ತು ನಿಮಿಷದವು. ಯೂಟ್ಯೂಬ್‌ನಲ್ಲಿ ಸಿಕ್ಕ ಒಳ್ಳೆಯ ಪಾಠಗಳೇ. ಬೆಳಿಗ್ಗೆ ಕೇಳಿದರೆ ‘ನೋಡಿದೆವು ಮಿಸ್, ಅರ್ಥವಾಯಿತು’ ಎನ್ನುತ್ತಾರೆ. ಒಂದು ಸಣ್ಣ ಪ್ರಶ್ನೆ ಕೇಳಿದರೆ ಎಲ್ಲರೂ ಮೌನ. ಕೊನೆಗೆ ಅದೇ ಪಾಠವನ್ನು ನಾನು ಮೊದಲಿನಿಂದ ಮಾಡುತ್ತೇನೆ. ಕೆಲವರ ಮನೆಯಲ್ಲಿ ಇರುವುದು ಒಂದೇ ಫೋನ್, ಅದೂ ತಂದೆಯ ಜೇಬಿನಲ್ಲಿ. ‘ಓದಲಿ ಎಂದು ಕೊಟ್ಟರೆ ರೀಲ್ಸ್ ನೋಡುತ್ತಾನೆ’ ಎಂದು ಪೋಷಕರೊಬ್ಬರು ಕಾಲೇಜಿಗೇ ಬಂದು ಬೇಸರ ಹೇಳಿ ಹೋದರು. ಹಿರಿಯ ಸಹೋದ್ಯೋಗಿಯೊಬ್ಬರು ‘ಸೀಮೆಸುಣ್ಣ ಹಿಡಿದು ಪಾಠ ಮಾಡಿ, ಇದೆಲ್ಲ ಬಿಟ್ಟುಬಿಡಿ’ ಎನ್ನುತ್ತಾರೆ. ಬಿಟ್ಟುಬಿಡಲೇ? ಅಥವಾ ನಾನೇ ಏನಾದರೂ ತಪ್ಪು ಮಾಡುತ್ತಿದ್ದೇನೆಯೇ?

ಉತ್ತರ:

ಬಿಡಬೇಡಿ. ಆದರೆ ಈಗ ಮಾಡುತ್ತಿರುವ ರೀತಿಯಲ್ಲಿ ಮುಂದುವರಿಸಲೂ ಬೇಡಿ. ಮೂವತ್ತು ವರ್ಷ ಕೋಲಾರ, ಚಿಂತಾಮಣಿ ಕಡೆಯ ತರಗತಿಗಳಲ್ಲಿ ಇದೇ ಪಾಠಗಳನ್ನು ಮಾಡಿ, ಈಗ ಉಪನ್ಯಾಸಕರ ತರಬೇತಿಯಲ್ಲಿ ತೊಡಗಿಕೊಂಡಿರುವ ನಾನು, ನಿಮ್ಮ ಪತ್ರದ ಪ್ರತಿ ಸಾಲನ್ನೂ ಅನುಭವಿಸಿದ್ದೇನೆ. ಕೋವಿಡ್ ಕಾಲದಲ್ಲಿ ವೃತ್ತೀಯ ಚಲನೆಯ ಬಗ್ಗೆ ನಲವತ್ತು ನಿಮಿಷದ ಪಾಠವೊಂದನ್ನು ಎರಡು ರಾತ್ರಿ ನಿದ್ದೆಗೆಟ್ಟು ರೆಕಾರ್ಡ್ ಮಾಡಿ ಕಳುಹಿಸಿದ್ದೆ. ಎಲ್ಲರೂ ‘ಚೆನ್ನಾಗಿತ್ತು ಸರ್’ ಎಂದರು. ಕಲ್ಲು ಕಟ್ಟಿದ ದಾರವನ್ನು ತಿರುಗಿಸುತ್ತಿರುವಾಗ ದಾರ ಕಡಿದರೆ ಕಲ್ಲು ಯಾವ ಕಡೆ ಹೋಗುತ್ತದೆ ಎಂದು ಕೇಳಿದೆ. ಬಹುತೇಕ ಎಲ್ಲರೂ ‘ಹೊರಗಡೆಗೆ’ ಎಂದು, ಕೇಂದ್ರದಿಂದ ನೇರವಾಗಿ ದೂರಕ್ಕೆ ಕೈ ತೋರಿಸಿದರು. ಸ್ಪರ್ಶಕದ ದಿಕ್ಕಿನಲ್ಲಿ, ಅಂದರೆ ಆ ಕ್ಷಣ ಕಲ್ಲು ಚಲಿಸುತ್ತಿದ್ದ ನೇರಕ್ಕೇ, ಎಂದು ನಾನು ಆ ಪಾಠದಲ್ಲಿ ಎರಡು ಸಲ ಹೇಳಿದ್ದೆ, ಚಿತ್ರವನ್ನೂ ಬರೆದಿದ್ದೆ.

ನಿಮ್ಮ ಪತ್ರದಲ್ಲಿ ಮೂರು ತೊಂದರೆಗಳು ಒಂದಕ್ಕೊಂದು ಹೆಣೆದುಕೊಂಡಿವೆ: ನೋಡಿದವರಿಗೂ ತಿಳಿಯುತ್ತಿಲ್ಲ, ಎಲ್ಲರೂ ನೋಡುತ್ತಿಲ್ಲ, ನೋಡುವ ಸಾಧನದ ಬಗ್ಗೆ ಮನೆಯವರಿಗೆ ನಂಬಿಕೆಯಿಲ್ಲ. ಎರಡನೆಯದೂ ಮೂರನೆಯದೂ ಕಣ್ಣಿಗೆ ಬೀಳುವಂಥವು, ಹಾಗಾಗಿ ನಾವು ಅವುಗಳ ಹಿಂದೆ ಓಡುತ್ತೇವೆ. ನನ್ನ ಮಟ್ಟಿಗೆ ನಿಜವಾದ ತೊಡಕು ಮೊದಲನೆಯದು. ಅದು ಸರಿಹೋದರೆ ಉಳಿದೆರಡು ಎಷ್ಟೋ ಹಗುರಾಗುತ್ತವೆ.

ಮೊದಲು ‘ಅರ್ಥವಾಯಿತು’ ಎಂಬ ಮಾತನ್ನು ನೋಡೋಣ. ಮಕ್ಕಳು ಸುಳ್ಳು ಹೇಳುತ್ತಿಲ್ಲ. ಅವರಿಗೆ ಹಾಗೆಯೇ ಅನ್ನಿಸಿರುತ್ತದೆ. ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಡೆರೆಕ್ ಮುಲ್ಲರ್ ಎಂಬುವರು ತಮ್ಮ ಪಿಎಚ್‌ಡಿಗಾಗಿ ಇದನ್ನೇ ಪರೀಕ್ಷಿಸಿದರು. ಕೆಲವು ವಿದ್ಯಾರ್ಥಿಗಳಿಗೆ ನ್ಯೂಟನ್ನನ ನಿಯಮಗಳನ್ನು ನೇರವಾಗಿ, ಸ್ಪಷ್ಟವಾಗಿ ವಿವರಿಸುವ ವಿಡಿಯೊ ತೋರಿಸಿದರು. ಇನ್ನು ಕೆಲವರಿಗೆ ತೋರಿಸಿದ ವಿಡಿಯೊದಲ್ಲಿ ವಿದ್ಯಾರ್ಥಿಯೊಬ್ಬ ಸಾಮಾನ್ಯವಾದ ತಪ್ಪು ಕಲ್ಪನೆಯನ್ನು ಬಾಯಿಬಿಟ್ಟು ಹೇಳುತ್ತಾನೆ, ಆಮೇಲೆ ಚರ್ಚೆಯಾಗಿ ಅದು ತಿದ್ದಿಕೊಳ್ಳುತ್ತದೆ. ಮೊದಲನೆಯ ಗುಂಪಿನವರು ‘ಬಹಳ ಸ್ಪಷ್ಟವಾಗಿತ್ತು’ ಎಂದು ಮೆಚ್ಚಿಕೊಂಡರು, ಆದರೆ ಅವರ ಉತ್ತರಗಳು ಹೆಚ್ಚೇನೂ ಸುಧಾರಿಸಲಿಲ್ಲ. ಎರಡನೆಯ ಗುಂಪಿನವರಿಗೆ ಗೊಂದಲವೆನ್ನಿಸಿತು, ತಲೆಗೆ ಕೆಲಸ ಬಿತ್ತು, ಉತ್ತರಗಳು ಮಾತ್ರ ಸ್ಪಷ್ಟವಾಗಿ ಉತ್ತಮಗೊಂಡವು.

ಕಾರಣ ಸರಳ. ಪ್ರಥಮ ಪಿಯುಸಿಗೆ ಬರುವ ಹುಡುಗನ ತಲೆ ಖಾಲಿ ಪಾತ್ರೆಯಲ್ಲ. ಹದಿನಾರು ವರ್ಷ ಕಲ್ಲು ಎಸೆದು, ಸೈಕಲ್ ತುಳಿದು, ಬಾವಿಯಿಂದ ನೀರು ಸೇದಿ, ಟ್ರ್ಯಾಕ್ಟರ್ ಹಿಂದೆ ಜೋತುಬಿದ್ದು ಅವನು ತನ್ನದೇ ಒಂದು ಭೌತವಿಜ್ಞಾನ ಕಟ್ಟಿಕೊಂಡಿರುತ್ತಾನೆ. ಅದರಲ್ಲಿ ಚಲಿಸುವ ಪ್ರತಿ ವಸ್ತುವಿನ ಒಳಗೂ ಒಂದು ‘ಬಲ’ ಇರುತ್ತದೆ, ಅದು ಖರ್ಚಾಗುತ್ತಾ ಹೋಗುತ್ತದೆ, ಮುಗಿದಾಗ ವಸ್ತು ನಿಲ್ಲುತ್ತದೆ. ಇದನ್ನು ದಡ್ಡತನವೆಂದು ತಳ್ಳಿಹಾಕಬೇಡಿ. ನಮ್ಮ ವೈಶೇಷಿಕ ದರ್ಶನದಲ್ಲಿ ಬಿಟ್ಟ ಬಾಣ ಮುಂದುವರಿಯಲು ಅದರಲ್ಲಿ ನೆಲೆಸಿದ ‘ವೇಗ’ ಎಂಬ ಸಂಸ್ಕಾರವೇ ಕಾರಣ ಎಂದಿದ್ದಾರೆ. 14ನೇ ಶತಮಾನದಲ್ಲಿ ಪ್ಯಾರಿಸ್ಸಿನ ತತ್ವಜ್ಞಾನಿ ಬುರಿಡಾನ್ ಕೂಡ ಇದಕ್ಕೆ ಹತ್ತಿರದ ಮಾತನ್ನೇ ಆಡಿದ್ದ. ಇಂಥ ಗಟ್ಟಿ ನಂಬಿಕೆಯ ಮೇಲೆ ಸೊಗಸಾದ ವಿವರಣೆ ಬಿದ್ದಾಗ, ಹುಡುಗ ಅದರಲ್ಲಿ ತನಗೆ ಗೊತ್ತಿರುವುದನ್ನೇ ಕೇಳಿಸಿಕೊಳ್ಳುತ್ತಾನೆ. ‘ಹೌದು, ನಾನೂ ಇದನ್ನೇ ಅಂದುಕೊಂಡಿದ್ದೆ’ ಎಂದು ತಲೆದೂಗುತ್ತಾನೆ. ಅದನ್ನೇ ಬೆಳಿಗ್ಗೆ ‘ಅರ್ಥವಾಯಿತು ಮಿಸ್’ ಎಂದು ನಿಮಗೆ ಹೇಳುತ್ತಾನೆ.

ನಮ್ಮ ಭಾಷೆ ಈ ತೊಡಕನ್ನು ಇನ್ನಷ್ಟು ಬಿಗಿಮಾಡುತ್ತದೆ. ‘ಅವನ ಮೈಯಲ್ಲಿ ಬಲ ಇಲ್ಲ’, ‘ಶಕ್ತಿ ಉಡುಗಿತು’, ‘ಜೋರಾಗಿ ತಳ್ಳು’ ಎನ್ನುವಾಗ ಬಲ, ಶಕ್ತಿ, ಜೋರು ಮೂರೂ ಒಂದೇ ಮನೆಯವು. ಪಠ್ಯದಲ್ಲಿ ಫೋರ್ಸ್ ಎಂದರೆ ಬಲ, ಎನರ್ಜಿ ಎಂದರೆ ಶಕ್ತಿ, ಪವರ್ ಎಂದರೆ ಸಾಮರ್ಥ್ಯ, ಮೊಮೆಂಟಮ್ ಎಂದರೆ ಸಂವೇಗ. ಸ್ಪೀಡ್‌ಗೆ ಜವ, ವೆಲಾಸಿಟಿಗೆ ವೇಗ. ಕನ್ನಡ ಮಾಧ್ಯಮದಿಂದ ಬಂದ ಮಗು ಈ ಪದಗಳನ್ನು ಒಂದು ಸಲ ಕಲಿತು, ಈಗ ಇಂಗ್ಲಿಷಿನಲ್ಲಿ ಮತ್ತೊಮ್ಮೆ ಕಲಿಯಬೇಕು. ಮನೆಯಲ್ಲಿ ತೆಲುಗು ಆಡುವವರಿಗೆ ಬಲಂ, ಶಕ್ತಿ, ವೇಗಂ ಎಂದು ಅದೇ ಪದಗಳು ಬೇರೆ ಲಯದಲ್ಲಿ ಕೇಳಿಸುತ್ತವೆ. ವೇಗವಾಗಿ ಓಡುವ ಇಂಗ್ಲಿಷ್ ಅಥವಾ ಹಿಂದಿ ಮಿಶ್ರಿತ ವಿಡಿಯೊದಲ್ಲಿ ಆ ಮಗುವಿನ ಗಮನವೆಲ್ಲ ಪದಗಳನ್ನು ಹಿಡಿಯುವುದಕ್ಕೇ ಸವೆದುಹೋಗುತ್ತದೆ. ಭೌತವಿಜ್ಞಾನಕ್ಕೆ ಉಳಿಯುವುದು ಸ್ವಲ್ಪ.

ಹಾಗಾದರೆ ಈ ಪದ್ಧತಿಯೇ ಕೆಲಸಕ್ಕೆ ಬಾರದ್ದೇ? ಇಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಟಿಮ್ ಸ್ಟೆಲ್ಜರ್, ಗ್ಯಾರಿ ಗ್ಲ್ಯಾಡಿಂಗ್, ಹೋಸೆ ಮೆಸ್ಟ್ರೆ ಮೊದಲಾದವರು ವಿದ್ಯುತ್ ಮತ್ತು ಕಾಂತತ್ವದ ಆರಂಭಿಕ ಪಾಠಗಳಿಗಾಗಿ ಧ್ವನಿ, ಚಲಿಸುವ ಚಿತ್ರ ಮತ್ತು ನಡುನಡುವೆ ಪ್ರಶ್ನೆಗಳಿರುವ ಪಾಠಗಳನ್ನು ಸಿದ್ಧಪಡಿಸಿದರು. ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಇವನ್ನೂ ಉಳಿದೆರಡಕ್ಕೆ ಅದೇ ವಿಷಯದ ಬರಹವನ್ನೂ ಕೊಟ್ಟರು. 2009ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮೊದಲ ಗುಂಪಿನವರು ತಕ್ಷಣದ ಪರೀಕ್ಷೆಯಲ್ಲೂ ಎರಡು ವಾರಗಳ ನಂತರದ ಪರೀಕ್ಷೆಯಲ್ಲೂ ಮುಂದಿದ್ದರು. ಹಾಗಾಗಿ ತರಗತಿಗೆ ಮುಂಚೆ ನೋಡುವ ಪಾಠಕ್ಕೆ ಬೆಲೆಯಿದೆ. ಆದರೆ ಆ ಪಾಠಗಳ ಜೊತೆಗೆ ಮೂರು ವಿಷಯಗಳಿದ್ದವು ಎಂಬುದನ್ನು ನಾವು ಮರೆಯುತ್ತೇವೆ: ನಡುವೆ ನಿಲ್ಲಿಸಿ ಕೇಳುವ ಪ್ರಶ್ನೆಗಳು, ತರಗತಿಗೆ ಮೊದಲು ವಿದ್ಯಾರ್ಥಿ ಬರೆದು ಕಳುಹಿಸುವ ಉತ್ತರಗಳು, ಅವುಗಳನ್ನು ನೋಡಿಕೊಂಡೇ ನಡೆಯುವ ತರಗತಿ. ನಾವು ಇಲ್ಲಿಗೆ ತಂದುಕೊಂಡದ್ದು ವಿಡಿಯೊವನ್ನು ಮಾತ್ರ.

ಇಲ್ಲಿ ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಬಿಡಿಸಬೇಕು. ನೀವು ‘ಸಮಯ ಉಳಿಯಲಿ ಎಂದು’ ಬರೆದಿದ್ದೀರಿ. ಮನೆಯಲ್ಲಿ ಪಾಠ ಮುಗಿದರೆ ತರಗತಿಯಲ್ಲಿ ಲೆಕ್ಕ ಮಾಡಿಸಬಹುದು ಎಂಬ ಲೆಕ್ಕಾಚಾರ ಅದು. ಹಿಂದಿನ ರಾತ್ರಿಯ ವಿಡಿಯೊ ಪಾಠವನ್ನು ಮುಗಿಸಲಾರದು. ಅದರಿಂದ ಆಗಬೇಕಾದ ಕೆಲಸ ಮಗುವಿನ ಮನಸ್ಸಿನಲ್ಲಿ ಈಗಾಗಲೇ ಏನಿದೆ ಎಂಬುದನ್ನು ಹೊರಗೆ ತಂದು ನಿಮ್ಮ ಕೈಗೆ ಕೊಡುವುದು. 1990ರ ದಶಕದಲ್ಲಿ ಅಮೆರಿಕದ ಭೌತವಿಜ್ಞಾನ ಅಧ್ಯಾಪಕ ಗ್ರೆಗರ್ ನೊವಾಕ್ ಮತ್ತು ಸಂಗಡಿಗರು ‘ಜಸ್ಟ್ ಇನ್ ಟೈಮ್ ಟೀಚಿಂಗ್’ ಎಂದು ಕರೆದದ್ದು ಇದನ್ನೇ: ತರಗತಿಗೆ ಕೆಲವೇ ಗಂಟೆ ಮೊದಲು ಬಂದ ಉತ್ತರಗಳನ್ನು ಓದಿ, ಅಂದಿನ ಪಾಠವನ್ನು ಅವುಗಳಿಗೆ ತಕ್ಕಂತೆ ತಿರುಗಿಸಿಕೊಳ್ಳುವುದು.

ಹೇಗೆ ಎಂಬುದಕ್ಕೆ ನಾನೇ ಮಾಡಿದ ಒಂದು ಪಾಠವನ್ನು ಹೇಳುತ್ತೇನೆ.

ಕೋಲಾರದಲ್ಲಿ ನಮ್ಮ ಬೀದಿಯಲ್ಲೇ ಒಂದು ಮನೆ ಕಟ್ಟುತ್ತಿದ್ದರು. ಕೆಳಗೆ ನಿಂತ ಕೈಯಾಳು ಇಟ್ಟಿಗೆಯನ್ನು ನೇರವಾಗಿ ಮೇಲಕ್ಕೆ ಎಸೆಯುತ್ತಾನೆ. ಸಾರುವೆಯ ಮೇಲೆ ನಿಂತ ಗಾರೆಯವರು ಅದನ್ನು ಹೂವು ಹಿಡಿದಂತೆ ಹಿಡಿದು ಪಕ್ಕಕ್ಕೆ ಇಡುತ್ತಾರೆ. ಕೈಗೆ ಪೆಟ್ಟೇ ಇಲ್ಲ. ಇಟ್ಟಿಗೆ ತನ್ನ ಏರಿಕೆಯ ತುದಿ ಮುಟ್ಟಿ, ಕ್ಷಣ ನಿಂತಂತೆ ಕಂಡಾಗ ಹಿಡಿಯುವುದು ಅವರ ಕಸುಬಿನ ಗುಟ್ಟು. ಅವರ ಒಪ್ಪಿಗೆ ಕೇಳಿ, ಎದುರುಗೋಡೆಯ ಹತ್ತಿರ ಫೋನನ್ನು ಅಲುಗಾಡದಂತೆ ಇಟ್ಟು ಮೂರು ನಾಲ್ಕು ಎಸೆತಗಳನ್ನು ರೆಕಾರ್ಡ್ ಮಾಡಿಕೊಂಡೆ. ಒಂದು ಸಲ ಮಾತ್ರ ಮೇಲಿನವರು ಬೇಕೆಂದೇ ಹಿಡಿಯದೆ ಬಿಟ್ಟರು. ಇಟ್ಟಿಗೆ ಮರಳಿ ಕೆಳಗೆ ಬಂತು. ಪೂರ್ತಿ ವಿಡಿಯೊ ನಾಲ್ಕು ನಿಮಿಷ. ಅದರಲ್ಲಿ ನನ್ನ ವಿವರಣೆ ಒಂದೂವರೆ ನಿಮಿಷ: ವೇಗ ಎಂದರೇನು, ವೇಗೋತ್ಕರ್ಷ (ವೇಗ ಬದಲಾಗುವ ದರ) ಎಂದರೇನು, ಇಂಗ್ಲಿಷಿನಲ್ಲಿ ಅವಕ್ಕೆ ಏನನ್ನುತ್ತಾರೆ. ಉತ್ತರ ಹೇಳಲಿಲ್ಲ. ಕೊನೆಯಲ್ಲಿ ಇಷ್ಟು ಕೇಳಿದೆ: ‘ಇಟ್ಟಿಗೆ ಮೇಲೇರುತ್ತಿರುವಾಗ, ತುತ್ತತುದಿಯಲ್ಲಿ, ಕೆಳಗಿಳಿಯುವಾಗ ಅದರ ಮೇಲೆ ಯಾವ ಯಾವ ಬಲಗಳಿವೆ? ಬಾಣದ ಗುರುತು ಹಾಕಿ. ಏಕೆ ಎಂದು ಎರಡು ಸಾಲು ಬರೆಯಿರಿ. ಕನ್ನಡ, ತೆಲುಗು, ಇಂಗ್ಲಿಷ್ ಯಾವುದಾದರೂ ಸರಿ. ತಪ್ಪಾದರೆ ಅಂಕ ಹೋಗುವುದಿಲ್ಲ, ಬರೆಯದಿದ್ದರೆ ಹೋಗುತ್ತದೆ.’

ಬೆಳಿಗ್ಗೆ ಬಂದ ಚೀಟಿಗಳಲ್ಲಿ ಹೆಚ್ಚಿನವು ಹೀಗಿದ್ದವು: ‘ಮೇಲೆ ಹೋಗುವಾಗ ಕೈಯ ಬಲ ಜಾಸ್ತಿ, ಗುರುತ್ವ ಕಡಿಮೆ. ತುದಿಯಲ್ಲಿ ಎರಡೂ ಸಮ, ಅದಕ್ಕೇ ನಿಲ್ಲುತ್ತದೆ. ಆಮೇಲೆ ಕೈಯ ಬಲ ಮುಗಿಯುತ್ತದೆ.’ ಕೆಲವರು ‘ತುದಿಯಲ್ಲಿ ಬಲ ಸೊನ್ನೆ’ ಎಂದು ಬರೆದಿದ್ದರು. ಮೂರೂ ಕಡೆ ಕೆಳಮುಖದ ಒಂದೇ ಬಾಣ ಹಾಕಿದವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಇದು ಕೋಲಾರದ ಮಕ್ಕಳ ಕೊರತೆಯಲ್ಲ. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಜಾನ್ ಕ್ಲೆಮೆಂಟ್ 1982ರಲ್ಲಿ, ಮೇಲಕ್ಕೆ ಚಿಮ್ಮಿದ ನಾಣ್ಯದ ಬಗ್ಗೆ ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಕೇಳಿದಾಗಲೂ ಬಹುಪಾಲು ಜನ ಮೇಲ್ಮುಖದ ಬಲವೊಂದನ್ನು ಸೇರಿಸಿದ್ದರು.

ತರಗತಿಯಲ್ಲಿ ನಾನು ಹೆಸರು ಹೇಳದೆ ಆ ಮೂರು ಬಗೆಯ ಉತ್ತರಗಳನ್ನು, ಅವರ ಮಾತಿನಲ್ಲೇ, ಹಲಗೆಯ ಮೇಲೆ ಬರೆದೆ. ಯಾವುದು ಸರಿ ಎಂದು ಎದೆಯ ಮುಂದೆ ಬೆರಳು ಹಿಡಿದು ತೋರಿಸಲು ಹೇಳಿದೆ. ಎದೆಯ ಮುಂದೆ ಏಕೆಂದರೆ ಪಕ್ಕದವನ ಕೈ ನೋಡಿ ಎತ್ತಬಾರದು. ಆಮೇಲೆ ಮೂರು ನಿಮಿಷ ಪಕ್ಕದವರೊಡನೆ ವಾದ ಮಾಡಲು ಬಿಟ್ಟೆ. ಹಾರ್ವರ್ಡ್‌ನ ಎರಿಕ್ ಮಜೂರ್ 1990ರ ದಶಕದಲ್ಲಿ ಜನಪ್ರಿಯಗೊಳಿಸಿದ ಕ್ರಮ ಇದು. ಅವರಲ್ಲಿ ಉತ್ತರ ಒತ್ತಲು ಯಂತ್ರಗಳಿದ್ದವು, ನಮಗೆ ಬೆರಳು ಸಾಕು. ತರಗತಿ ಸಂತೆಯಂತಾಯಿತು. ಹಿಂದಿನ ಬೆಂಚಿನ ಒಬ್ಬ ಹುಡುಗಿ, ಮುಂದೆ ಬಂದು ಮಾತನಾಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ, ಗೆಳತಿಗೆ ತೆಲುಗಿನಲ್ಲಿ ಹೇಳುತ್ತಿದ್ದಳು: ‘ತುದಿಯಲ್ಲಿ ನಿಂತೂ ಬಿಟ್ಟು, ಬಲವೂ ಇಲ್ಲದಿದ್ದರೆ ಇಟ್ಟಿಗೆ ಅಲ್ಲೇ ಇರಬೇಕಲ್ಲವೇ? ಯಾರು ಕೆಳಗೆ ತರುತ್ತಾರೆ?’ ಅದನ್ನು ಎಲ್ಲರಿಗೂ ಕೇಳುವಂತೆ ಇನ್ನೊಮ್ಮೆ ಹೇಳಿಸಿದೆ. ನಾನು ಸಿದ್ಧಪಡಿಸಿಕೊಂಡು ಹೋಗಿದ್ದ ವಿವರಣೆಗಿಂತ ಅದು ಎಷ್ಟೋ ಚೆನ್ನಾಗಿತ್ತು.

ಅದಾದ ಮೇಲೆ ಅದೇ ವಿಡಿಯೊವನ್ನು ಒಂದೊಂದೇ ಚೌಕಟ್ಟಾಗಿ ನಿಲ್ಲಿಸಿ ನೋಡಿದೆವು. ಸಾಮಾನ್ಯ ಫೋನ್ ಸೆಕೆಂಡಿಗೆ 30 ಚೌಕಟ್ಟು ಹಿಡಿಯುತ್ತದೆ. ಮೂರು ಚೌಕಟ್ಟು ಎಂದರೆ ಸೆಕೆಂಡಿನ ಹತ್ತನೇ ಒಂದು ಭಾಗ. ಇಟ್ಟಿಗೆ ಕೈಯಿಂದ ಬಿಟ್ಟುಕೊಂಡು ಎರಡೂವರೆ ಮೀಟರ್ ಏರಬೇಕಾದರೆ ಹೊರಡುವಾಗ ಸೆಕೆಂಡಿಗೆ 7 ಮೀಟರ್ ವೇಗ ಬೇಕು, ತುದಿ ಮುಟ್ಟಲು ಸುಮಾರು 0.7 ಸೆಕೆಂಡ್ ಬೇಕು. ಲೆಕ್ಕದ ಪ್ರಕಾರ ಮೊದಲ ಮೂರು ಚೌಕಟ್ಟಿನಲ್ಲಿ ಅದು 65 ಸೆಂಟಿಮೀಟರ್ ಏರುತ್ತದೆ, ತುದಿಗೆ ಮುಂಚಿನ ಮೂರು ಚೌಕಟ್ಟಿನಲ್ಲಿ 5 ಸೆಂಟಿಮೀಟರ್ ಮಾತ್ರ. ಪರದೆಯ ಮೇಲೆ ಅಳತೆಪಟ್ಟಿ ಹಿಡಿದು ನೋಡಿದ ಮಕ್ಕಳು ಗಾರೆಯವರ ಕೈಗೆ ಪೆಟ್ಟು ಬೀಳದಿರುವುದೇಕೆ ಎಂದು ತಾವೇ ಹೇಳಿದರು. ವೇಗ ಪ್ರತಿ ಹತ್ತನೇ ಒಂದು ಸೆಕೆಂಡಿಗೂ ಒಂದೇ ಪ್ರಮಾಣದಲ್ಲಿ, ಸೆಕೆಂಡಿಗೆ ಸುಮಾರು ಒಂದು ಮೀಟರ್‌ನಷ್ಟು, ಇಳಿಯುತ್ತದೆ; ತುದಿಯಲ್ಲೂ ಆ ಇಳಿತ ನಿಲ್ಲುವುದಿಲ್ಲ. ವೇಗ ಸೊನ್ನೆಯಾದರೂ ವೇಗೋತ್ಕರ್ಷ ಸೊನ್ನೆಯಾಗಬೇಕಿಲ್ಲ ಎಂಬ ಮಾತು ಅಂದು ಹಲಗೆಯಿಂದ ಬರಲಿಲ್ಲ.

ಇಷ್ಟು ಉದ್ದಕ್ಕೆ ಬರೆದದ್ದೇಕೆಂದರೆ, ನಿಮ್ಮ ತರಗತಿಯಲ್ಲಿ ಬಿಟ್ಟುಹೋಗಿರುವ ಕೊಂಡಿ ಇದೇ. ವಿಡಿಯೊ ಕಳುಹಿಸಿದಿರಿ, ಮಕ್ಕಳು ನೋಡಿದರು, ಬೆಳಿಗ್ಗೆ ನೀವು ಅದೇ ಪಾಠವನ್ನು ಮೊದಲಿನಿಂದ ಮಾಡಿದಿರಿ. ಮಕ್ಕಳು ಬುದ್ಧಿವಂತರು. ‘ಹೇಗೂ ಮಿಸ್ ನಾಳೆ ಹೇಳುತ್ತಾರೆ’ ಎಂದು ಎರಡನೆಯ ವಾರಕ್ಕೆ ಅವರಿಗೆ ಗೊತ್ತಾಗುತ್ತದೆ, ಮೂರನೆಯ ವಾರಕ್ಕೆ ನೋಡುವುದನ್ನು ನಿಲ್ಲಿಸುತ್ತಾರೆ. ತಾವು ಬರೆದ ಸಾಲು ಹಲಗೆಯ ಮೇಲೆ ಬರುತ್ತದೆ ಎಂದು ತಿಳಿದರೆ ಮಾತ್ರ ಬರೆಯುತ್ತಾರೆ.

ಈಗ ನಿಮ್ಮ ಮುಂದಿರುವ ದಾರಿಗಳನ್ನು ನೋಡೋಣ. ಸಿದ್ಧವಾಗಿ ಸಿಗುವ ವಿಡಿಯೊ ಬಳಸುವುದು ಸುಲಭ, ಆದರೆ ಪೂರ್ತಿ ಕೊಡಬೇಡಿ. ಆನ್‌ಲೈನ್ ಕೋರ್ಸುಗಳ 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ವಿಡಿಯೊ ಎಷ್ಟೇ ಉದ್ದವಿದ್ದರೂ ನೋಡುಗರು ಸಾಮಾನ್ಯವಾಗಿ ಆರು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ ಎಂದು ಕಂಡುಬಂತು. ಹಾಗಾಗಿ ನಿಮ್ಮ ಮೂವತ್ತು ನಿಮಿಷದ ಪಾಠದಲ್ಲಿ ‘7ನೇ ನಿಮಿಷದಿಂದ 12ರವರೆಗೆ ಮಾತ್ರ ನೋಡಿ’ ಎಂದು ಹೇಳಿ. ಎರಡನೆಯ ಅಪಾಯ ತಪ್ಪು ಅಥವಾ ಅರ್ಧಸತ್ಯ. ನಮ್ಮ ಜಿಲ್ಲೆಯದೇ ಉದಾಹರಣೆ ಕೊಡುತ್ತೇನೆ. ಭೂಮಿಯ ಒಳಕ್ಕೆ ಇಳಿದಂತೆ ಗುರುತ್ವ ವೇಗೋತ್ಕರ್ಷ ಕಡಿಮೆಯಾಗುತ್ತದೆ ಎಂದು ಪಠ್ಯದ ಸೂತ್ರ ಹೇಳುತ್ತದೆ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯ ಮೂರು ಕಿಲೋಮೀಟರ್ ಆಳಕ್ಕೆ ಆ ಸೂತ್ರ ಹಾಕಿದರೆ ಸುಮಾರು ಶೇಕಡಾ 0.05ರಷ್ಟು ಇಳಿಕೆ ಸಿಗುತ್ತದೆ. ಎಷ್ಟೋ ವಿಡಿಯೊಗಳು ಅಲ್ಲಿಗೇ ನಿಲ್ಲುತ್ತವೆ. ಆದರೆ ಆ ಸೂತ್ರ ಇಡೀ ಭೂಮಿ ಒಂದೇ ಸಾಂದ್ರತೆಯದು ಎಂದು ಭಾವಿಸಿಕೊಂಡು ಬರೆದದ್ದು. ಮೇಲ್ಪದರದ ಕಲ್ಲು ಭೂಮಿಯ ಸರಾಸರಿ ಸಾಂದ್ರತೆಗಿಂತ ಬಹಳ ಹಗುರ; ಆದ್ದರಿಂದ ನಿಜವಾದ ಗಣಿಯಲ್ಲಿ ಕೆಳಗಿಳಿದಂತೆ ಗುರುತ್ವ ತುಸು ಹೆಚ್ಚುತ್ತದೆ. 1854ರಲ್ಲಿ ಖಗೋಳವಿಜ್ಞಾನಿ ಜಾರ್ಜ್ ಏರಿ ಇಂಗ್ಲೆಂಡಿನ ಹಾರ್ಟನ್ ಕಲ್ಲಿದ್ದಲು ಗಣಿಯಲ್ಲಿ ಲೋಲಕಗಳಿಂದ ಅಳೆದು ಕಂಡದ್ದು ಹೀಗೆಯೇ. ಪರೀಕ್ಷೆಗೆ ಸೂತ್ರ ಬೇಕು, ಕಲಿಸೋಣ. ಅದರ ಜೊತೆಗೇ ‘ಇದು ಯಾವಾಗ ಸರಿ?’ ಎಂಬ ಪ್ರಶ್ನೆಯನ್ನು ಮಕ್ಕಳ ಮುಂದಿಡುವ ಕೆಲಸವನ್ನು ಎಲ್ಲೋ ಕುಳಿತು ವಿಡಿಯೊ ಮಾಡಿದವರು ಮಾಡಲಾರರು, ಕೆಜಿಎಫ್ ಪಕ್ಕದಲ್ಲಿರುವ ನೀವು ಮಾಡಬಲ್ಲಿರಿ.

ನೀವೇ ವಿಡಿಯೊ ಮಾಡುವುದಾದರೆ ಶ್ರಮ ಹೆಚ್ಚು, ಆದರೆ ಮಕ್ಕಳಿಗೆ ನಿಮ್ಮ ಧ್ವನಿ ಪರಿಚಿತ, ಭಾಷೆ ನಿಮ್ಮ ಹಿಡಿತದಲ್ಲಿರುತ್ತದೆ. ಮುಖ ತೋರಿಸಬೇಕಿಲ್ಲ, ಹಿನ್ನೆಲೆ ಸಂಗೀತ ಬೇಡವೇ ಬೇಡ. ನೀವು ಮಾತನಾಡುತ್ತಿರುವುದನ್ನೇ ಪರದೆಯ ಮೇಲೆ ಪೂರ್ತಿ ಬರೆದು ತೋರಿಸಬೇಡಿ. ಕಿವಿಯಲ್ಲಿ ಕೇಳುವುದನ್ನೇ ಕಣ್ಣಲ್ಲೂ ಓದಲು ಹೋದರೆ ಚಿತ್ರ ನೋಡಲು ಗಮನ ಉಳಿಯುವುದಿಲ್ಲ ಎಂದು ಮನೋವಿಜ್ಞಾನಿ ರಿಚರ್ಡ್ ಮೇಯರ್ ಅವರ ಸಂಶೋಧನೆಗಳು ಮತ್ತೆ ಮತ್ತೆ ತೋರಿಸಿವೆ. ಆದರೆ ಹೊಸ ಪದಗಳಿಗೆ, ಎರಡನೆಯ ಭಾಷೆಯಲ್ಲಿ ಕಲಿಯುವವರಿಗೆ ಬರಹ ನೆರವಾಗುತ್ತದೆ. ಆದ್ದರಿಂದ ಒಂದು ವಿಡಿಯೊಗೆ ಮೂರೇ ಪದ: ಇಂಗ್ಲಿಷ್ ಪದ, ಪಕ್ಕದಲ್ಲಿ ಕನ್ನಡ ಪದ, ಅಷ್ಟೇ ಪರದೆಯ ಮೇಲೆ. ವರ್ಷಪೂರ್ತಿ ಎಲ್ಲ ಪಾಠಕ್ಕೂ ಮಾಡಲು ಹೋಗಬೇಡಿ, ಬಳಲಿಹೋಗುತ್ತೀರಿ. ಮಕ್ಕಳು ಎಡವುತ್ತಾರೆಂದು ನಿಮಗೆ ಗೊತ್ತಿರುವ ಎಂಟು ಹತ್ತು ಕಡೆಗಳಿಗೆ ಮಾತ್ರ ಮಾಡಿ: ತುದಿಯಲ್ಲಿನ ವೇಗೋತ್ಕರ್ಷ, ಮೂರನೆಯ ನಿಯಮ, ಘರ್ಷಣೆಯ ದಿಕ್ಕು, ವೃತ್ತೀಯ ಚಲನೆ, ಕೆಲಸದ ಅರ್ಥ, ತೂಕ ಮತ್ತು ದ್ರವ್ಯರಾಶಿ.

ಮೂರನೆಯದು ಸಿಮ್ಯುಲೇಷನ್, ಅಂದರೆ ಪರದೆಯ ಮೇಲೆ ಅಳತೆಗಳನ್ನು ಬದಲಿಸಿ ನೋಡಬಹುದಾದ ಅಣಕು ಪ್ರಯೋಗ. ನೊಬೆಲ್ ಪುರಸ್ಕೃತ ಕಾರ್ಲ್ ವೀಮನ್ 2002ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಫೆಟ್ (PhET) ಯೋಜನೆಯವು ಉಚಿತವಾಗಿ ಸಿಗುತ್ತವೆ. ಕೆಲವು ಕನ್ನಡದಲ್ಲೂ ಇವೆ. ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತವೆ. ಇದರ ಅಪಾಯವೆಂದರೆ ಸುಮ್ಮನೆ ಬಿಟ್ಟರೆ ಮಕ್ಕಳು ಗುಂಡಿಗಳನ್ನು ಒತ್ತಿ ಆಡಿ ಮುಗಿಸುತ್ತಾರೆ. ‘ಕೋನ 30 ಇಟ್ಟಾಗ ಎಷ್ಟು ದೂರ ಹೋಯಿತೋ ಅಷ್ಟೇ ದೂರ ಹೋಗಲು ಇನ್ನೊಂದು ಕೋನ ಹುಡುಕು, ಹುಡುಕುವ ಮುಂಚೆ ಊಹೆ ಬರೆ’ ಎಂಬಂತೆ ಒಂದೇ ಕೆಲಸ ಕೊಡಿ.

ಫೋನ್ ವಿಷಯಕ್ಕೆ ಬರೋಣ. 54 ಮಕ್ಕಳಲ್ಲಿ ಹತ್ತು ಜನರಿಗೆ ಫೋನ್ ಸಿಗದಿದ್ದರೂ ಆ ಹತ್ತು ಜನರೇ ಹಿಂದೆ ಬೀಳುತ್ತಾರೆ, ಹಾಗಾಗಬಾರದು. ನಾನು ಎರಡು ಉಪಾಯ ಬಳಸಿದ್ದೆ. ಹಳ್ಳಿಗಳಿಂದ ಮೊದಲ ಬಸ್ಸಿಗೆ ಬರುವ ಮಕ್ಕಳು ಹೇಗೂ ಮುಕ್ಕಾಲು ಗಂಟೆ ಮುಂಚೆ ಬಂದು ಜಗಲಿಯ ಮೇಲೆ ಕುಳಿತಿರುತ್ತಾರೆ. ಪ್ರಯೋಗಾಲಯದ ಒಂದು ಕಂಪ್ಯೂಟರಿನಲ್ಲಿ ವಿಡಿಯೊ ಹಾಕಿಟ್ಟು ಕೀಲಿಯನ್ನು ಸಹಾಯಕರಿಗೆ ಕೊಟ್ಟಿದ್ದೆ. ಅವರು ಗುಂಪಾಗಿ ನೋಡಿ ಚೀಟಿ ಬರೆಯುತ್ತಿದ್ದರು. ಗುಂಪಾಗಿ ನೋಡಿದವರ ಉತ್ತರಗಳು ಒಬ್ಬಂಟಿಯಾಗಿ ನೋಡಿದವರದಕ್ಕಿಂತ ಚೆನ್ನಾಗಿರುತ್ತಿದ್ದುದನ್ನು ನಾನು ಗಮನಿಸಿದ್ದೇನೆ. ಎರಡನೆಯದು, ಅದೇ ವಿಡಿಯೊದ ನಾಲ್ಕು ಚಿತ್ರ ಮತ್ತು ಪ್ರಶ್ನೆ ಇರುವ ಅರ್ಧ ಹಾಳೆ. ಹಿಂದಿನ ದಿನದ ಕೊನೆಯ ಐದು ನಿಮಿಷದಲ್ಲಿ ಎಲ್ಲರಿಗೂ ಹಂಚಿ. ವಿಡಿಯೊ ನೋಡಲಾಗದವರು ಅದನ್ನು ನೋಡಿಯೇ ಬರೆಯಲಿ. ಪ್ರಶ್ನೆ ಚೆನ್ನಾಗಿದ್ದರೆ ಅರ್ಧ ಹಾಳೆಯೂ ನಡೆಯುತ್ತದೆ.

ಉತ್ತರವನ್ನು ಫೋನಿನಲ್ಲಿ ಟೈಪ್ ಮಾಡಿಸಬೇಡಿ. ನೋಟ್‌ಪುಸ್ತಕದಲ್ಲೋ ಚೀಟಿಯಲ್ಲೋ ಬರೆಯಲಿ, ಬೆಳಿಗ್ಗೆ ಬಾಗಿಲ ಬಳಿಯ ಡಬ್ಬಿಗೆ ಹಾಕಲಿ. ಹೀಗೆ ಮಾಡಿದರೆ ಪೋಷಕರಿಗೂ ಒಂದು ಖಚಿತವಾದ ಮಾತು ಹೇಳಬಹುದು: ‘ವಾರಕ್ಕೆ ಎರಡು ದಿನ, ಆರು ನಿಮಿಷ ಫೋನ್ ಕೊಡಿ. ಆಮೇಲೆ ವಾಪಸ್ ತೆಗೆದುಕೊಳ್ಳಿ. ಮುಂದಿನ ಹತ್ತು ನಿಮಿಷ ಮಗು ಪೆನ್ನು ಹಿಡಿದು ಬರೆಯುತ್ತದೆ, ಆ ಚೀಟಿ ನೋಡಿ.’ ನಿಮ್ಮ ಕಾಲೇಜಿಗೆ ಬಂದ ಆ ತಂದೆಯ ಅಸಮಾಧಾನದಲ್ಲಿ ನ್ಯಾಯವಿದೆ. ಮೂವತ್ತು ನಿಮಿಷದ ವಿಡಿಯೊ ಕೊಂಡಿಯ ಜೊತೆ ಫೋನನ್ನು ಒಂದು ಗಂಟೆ ಹುಡುಗನ ಕೈಗೆ ಕೊಡಬೇಕು ಎಂದರೆ ಯಾವ ತಂದೆಗೂ ಆತಂಕವೇ. ಅವರನ್ನು ಇನ್ನೊಮ್ಮೆ ಕರೆದು ಮಗನ ಒಂದು ಚೀಟಿಯನ್ನು ತೋರಿಸಿ.

54 ಚೀಟಿಗಳನ್ನು ಓದುವುದು ಹೊರೆ ಎಂದು ನಿಮಗೆ ಅನ್ನಿಸಬಹುದು. ತಿದ್ದಬೇಕಿಲ್ಲ, ವಿಂಗಡಿಸಿದರೆ ಸಾಕು. ಮೊದಲ ವಾರ ಅರ್ಧ ಗಂಟೆ ಹಿಡಿಯುತ್ತದೆ. ಆಮೇಲೆ ಹದಿನೈದು ನಿಮಿಷಕ್ಕೆ ಇಳಿಯುತ್ತದೆ, ಏಕೆಂದರೆ ತಪ್ಪುಗಳ ಬಗೆಗಳು ಮೂರು ನಾಲ್ಕಕ್ಕಿಂತ ಹೆಚ್ಚಿರುವುದಿಲ್ಲ. ಸಿಬ್ಬಂದಿ ಕೊಠಡಿಯಲ್ಲಿ ಕಾಫಿ ಕುಡಿಯುತ್ತಾ ಮೂರು ಗುಡ್ಡೆ ಮಾಡಿ, ಪ್ರತಿ ಗುಡ್ಡೆಯಿಂದ ಒಂದು ಚೀಟಿ ಎತ್ತಿಕೊಂಡು ತರಗತಿಗೆ ಹೋಗುತ್ತಿದ್ದೆ.

ನಿಮ್ಮ ಹಿರಿಯ ಸಹೋದ್ಯೋಗಿಯ ಮಾತಿನಲ್ಲೂ ಸತ್ಯದ ಪಾಲಿದೆ. ಅಮೆರಿಕದ ಭೌತವಿಜ್ಞಾನಿ ರಿಚರ್ಡ್ ಹೇಕ್ 1998ರಲ್ಲಿ ಭೌತವಿಜ್ಞಾನದ 62 ಕೋರ್ಸುಗಳ 6,542 ವಿದ್ಯಾರ್ಥಿಗಳ ಫಲಿತಾಂಶವನ್ನು ಒಟ್ಟುಮಾಡಿ ನೋಡಿದರು. ಪಾಠದ ಮುಂಚೆ ಗೊತ್ತಿರದಿದ್ದುದರಲ್ಲಿ ಎಷ್ಟು ಪಾಲನ್ನು ವಿದ್ಯಾರ್ಥಿಗಳು ಕಲಿತರು ಎಂದು ಅಳೆದಾಗ, ಬರೀ ಉಪನ್ಯಾಸ ನಡೆದ ಕಡೆ ಸರಾಸರಿ 0.23, ವಿದ್ಯಾರ್ಥಿಗಳು ಚರ್ಚಿಸಿ ತೊಡಗಿಕೊಂಡ ಕಡೆ 0.48. ಆ ವ್ಯತ್ಯಾಸ ಬಂದದ್ದು ತರಗತಿಯೊಳಗೆ ಮಕ್ಕಳು ಯೋಚಿಸಿ ಮಾತನಾಡಿದ್ದರಿಂದ, ವಿಡಿಯೊದಿಂದಲ್ಲ. ಸೀಮೆಸುಣ್ಣ ಹಿಡಿದೂ ಅದನ್ನು ಸಾಧಿಸಿದ ಮೇಷ್ಟ್ರುಗಳನ್ನು ನಾನು ಬಲ್ಲೆ. ನನ್ನ ಗುರುಗಳೇ ಅಂಥವರು. ಅವರಿಗೆ ಮಕ್ಕಳ ಮನಸ್ಸಿನಲ್ಲಿ ಏನಿದೆ ಎಂದು ಮುಖ ನೋಡಿಯೇ ತಿಳಿಯುತ್ತಿತ್ತು. ನನಗೆ ಅದು ಚೀಟಿ ನೋಡಿದರೆ ಮಾತ್ರ ತಿಳಿಯುತ್ತದೆ. ನಿಮ್ಮ ಸಹೋದ್ಯೋಗಿಯನ್ನು ಒಂದು ದಿನ ಚೀಟಿ ವಿಂಗಡಿಸಲು ಜೊತೆಗೆ ಕೂರಿಸಿಕೊಳ್ಳಿ. ತಮ್ಮ ಅನುಭವದಿಂದ ಅವರು ಕಾಣುವ ಎಷ್ಟೋ ಸಂಗತಿಗಳು ನಿಮಗೆ ಉಪಯೋಗವಾಗುತ್ತವೆ.

ಒಂದು ಎಚ್ಚರಿಕೆ. ಮೊದಲ ತಿಂಗಳು ಮಕ್ಕಳು ಮುನಿಸಿಕೊಳ್ಳುತ್ತಾರೆ. ‘ಮಿಸ್ ಈಗ ಪಾಠ ಮಾಡುವುದಿಲ್ಲ, ನಮ್ಮನ್ನೇ ಕೇಳುತ್ತಾರೆ’ ಎಂಬ ಮಾತು ಪ್ರಾಂಶುಪಾಲರವರೆಗೂ ಹೋಗಬಹುದು. ತಲೆಗೆ ಕೆಲಸ ಬಿದ್ದಾಗ ಕಲಿಯುತ್ತಿಲ್ಲ ಎಂದೇ ಅನ್ನಿಸುತ್ತದೆ. ಹಾರ್ವರ್ಡ್‌ನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಚಟುವಟಿಕೆಯ ತರಗತಿಯಲ್ಲಿ ಕುಳಿತ ಭೌತವಿಜ್ಞಾನದ ವಿದ್ಯಾರ್ಥಿಗಳು ಹೆಚ್ಚು ಕಲಿತಿದ್ದರೂ ಕಡಿಮೆ ಕಲಿತೆವೆಂದೇ ಭಾವಿಸಿದ್ದರು. ಮೊದಲ ದಿನವೇ ಮಕ್ಕಳಿಗೂ ಪ್ರಾಂಶುಪಾಲರಿಗೂ ಇದನ್ನು ಬಿಡಿಸಿ ಹೇಳಿಬಿಡಿ. ಮತ್ತು ಎಲ್ಲ ಪಾಠಗಳನ್ನೂ ಒಮ್ಮೆಲೇ ಬದಲಿಸಬೇಡಿ. ವಾರಕ್ಕೆ ಎರಡು ತರಗತಿ ಸಾಕು, ಉಳಿದವು ನೀವು ಮಾಡುವಂತೆಯೇ ನಡೆಯಲಿ.

ಚಲನೆಯ ನಿಯಮಗಳ ಅಧ್ಯಾಯ ಇನ್ನೂ ಆರಂಭವಾಗಿರದಿದ್ದರೆ ಅಲ್ಲಿಂದಲೇ ಶುರುಮಾಡಿ. ಊರಿನಲ್ಲಿ ಟೊಮೆಟೊ ಕ್ರೇಟ್ ತುಂಬಿದ ಟ್ರೇಲರನ್ನು ಎಳೆದುಕೊಂಡು ಹೊರಡುವ ಟ್ರ್ಯಾಕ್ಟರನ್ನು ನಿಂತಲ್ಲಿಂದ ಚಲಿಸುವವರೆಗೆ ಅರ್ಧ ನಿಮಿಷ ರೆಕಾರ್ಡ್ ಮಾಡಿ. ಚಕ್ರ ನೆಲವನ್ನು ಕಚ್ಚುವುದು ಕಾಣುವಂತೆ ಹತ್ತಿರದಿಂದ ತೆಗೆಯಿರಿ. ಪ್ರಶ್ನೆ ಇದು: ‘ಟ್ರ್ಯಾಕ್ಟರ್ ಟ್ರೇಲರನ್ನು ಎಷ್ಟು ಬಲದಿಂದ ಎಳೆಯುತ್ತದೆಯೋ ಅಷ್ಟೇ ಬಲದಿಂದ ಟ್ರೇಲರ್ ಟ್ರ್ಯಾಕ್ಟರನ್ನು ಹಿಂದಕ್ಕೆ ಎಳೆಯುತ್ತದೆ. ಹಾಗಿದ್ದರೆ ಎರಡೂ ಮುಂದಕ್ಕೆ ಹೋಗುವುದು ಹೇಗೆ?’ ಎರಡು ಬಲಗಳೂ ಒಂದೇ ವಸ್ತುವಿನ ಮೇಲಿವೆ ಎಂದುಕೊಂಡು ‘ರದ್ದಾಗುತ್ತವೆ’ ಎಂದು ಬರೆಯುವವರು, ‘ಟ್ರ್ಯಾಕ್ಟರ್ ಬಲವೇ ಜಾಸ್ತಿ, ಪುಸ್ತಕದಲ್ಲಿ ತಪ್ಪಿದೆ’ ಎಂದು ಬರೆಯುವವರು, ನೆಲದ ಹೆಸರನ್ನು ಎತ್ತುವ ಒಬ್ಬಿಬ್ಬರು ಸಿಗುತ್ತಾರೆ. ಪುಸ್ತಕದಲ್ಲಿ ತಪ್ಪಿದೆ ಎಂದವರ ಚೀಟಿಯನ್ನೇ ಮೊದಲು ಹಲಗೆಗೆ ಹಾಕಿ. ಆ ಚೀಟಿಗಳಲ್ಲಿ ಯಾವುದನ್ನು ಹೇಗೆ ಅರ್ಥಮಾಡಿಕೊಳ್ಳಬೇಕೆಂದು ನಿಮಗೆ ಹೊಳೆಯದಿದ್ದರೆ, ಮಕ್ಕಳು ಬರೆದ ಮಾತಿನಲ್ಲೇ ನನಗೆ ಕಳುಹಿಸಿಕೊಡಿ, ಒಟ್ಟಿಗೆ ನೋಡೋಣ.